ಅವನು ಹೇಳದೆ ಹೋದ ಮಾತು

"ಟೈರಿಗೂ ಸ್ನಾನ ಮಾಡಿಸ್ಬೇಕಾ?"

ಮೊಟ್ಟೆ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಕೇಳಿದ. ದನಿಯಲ್ಲೇ ನಗು ತುಳುಕುತ್ತಿತ್ತು.

ಮುಚ್ಚಿದ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ ಅವಳು ನಗಲಿಲ್ಲ.

"ಟೈರಿಗೂ ಮಾಡಿಸ್ಬೇಕು, ನಿಮ್ಮ ಚಪ್ಪಲಿಗೂ ಮಾಡಿಸ್ಬೇಕು. ಆಮೇಲೇ ಒಳಗೆ."

"ನಾನು ಬೆಳಗ್ಗೆನೇ ಸ್ನಾನ ಮುಗಿಸಿದೀನಿ ಮೇಡಂ."

"ನಿಮ್ಮ ಚಪ್ಪಲಿ ಮುಗಿಸಿಲ್ವಲ್ಲ."

ಅವನು ಅವಳನ್ನೇ ಒಂದು ಕ್ಷಣ ನೋಡಿದ. ಕೆಲಸ ಬಿಟ್ಟುಹೋದ ಹಳೇ ಡ್ರೈವರ್ ಮೊದಲೇ ಎಚ್ಚರಿಸಿದ್ದ. ಆ ಕೋಳಿ ಫಾರಮ್ಮಿನ ಹುಡುಗಿ ಯಾರನ್ನೂ ಸುಮ್ಮನೆ ಒಳಗೆ ಬಿಡುವವಳಲ್ಲ, ನಾವೆಲ್ಲ ಅವಳಿಗೆ ಗೇಟಮ್ಮ ಅಂತಲೇ ಹೆಸರಿಟ್ಟಿದ್ದೇವೆ, ಹುಷಾರು ಅಂತ.

"ಓಹೋ... ಗೇಟಮ್ಮ ಅಂದ್ರೆ ನೀವೇನಾ?"

ಅವಳ ಮುಖ ಬಿಸಿಯಾಯಿತು. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಆದರೆ ಎದುರಿಗೆ ನಿಂತು ಹಾಗೆ ಕರೆಯುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ.

'ಎಷ್ಟು ಕೊಬ್ಬು ಇವನಿಗೆ...'

ಬಾಯಿ ಬಿಡದೆ ಗೇಟು ತೆರೆದಳು. ಅದರ ಬುಡದಲ್ಲಿದ್ದ ಸಿಮೆಂಟಿನ ತಗ್ಗಿನಲ್ಲಿ ಔಷಧಿ ಬೆರೆಸಿದ ನೀರು ನಿಂತಿತ್ತು. ವ್ಯಾನು ಅದರೊಳಗೆ ಇಳಿದು ಹತ್ತಿ ಬಂತು. ಅವನು ಇಳಿದ ಮೇಲೆ ಒಂದು ಜೊತೆ ರಬ್ಬರ್ ಬೂಟನ್ನು ಅವನ ಮುಂದಿಟ್ಟಳು. ಅವು ಅವಳ ಅಪ್ಪನ ಬೂಟು, ಅವನ ಕಾಲಿಗೆ ತೀರಾ ಚಿಕ್ಕವು. ಹಿಮ್ಮಡಿ ಮೇಲೆತ್ತಿಕೊಂಡು ಬಾತುಕೋಳಿಯ ಹಾಗೆ ಅತ್ತಿತ್ತ ವಾಲುತ್ತ ಅವನು ಶೆಡ್ಡಿನ ಕಡೆ ನಡೆದ. ಅವಳು ತುಟಿ ಕಚ್ಚಿ ಹಿಡಿದು ಬೇರೆ ಕಡೆ ನೋಡಿದಳು.

ಅವನು ತಿರುಗಿ ನೋಡದೆಯೇ ಹೇಳಿದ, "ನಗ್ಬೇಕು ಅನ್ಸಿದ್ರೆ ನಕ್ಕುಬಿಡಿ ಮೇಡಂ. ಅದಕ್ಕೂ ಔಷಧಿ ಹಾಕ್ಬೇಕಾ?"

*

ಆ ಫಾರಂ ಅವಳ ಅಮ್ಮ ಕಟ್ಟಿದ್ದು.

ಮನೆಯ ಹಿಂದೆ ಒಂದು ಬುಟ್ಟಿಯಡಿ ಮುಚ್ಚಿಡುವಷ್ಟು ಕೋಳಿಗಳಿಂದ ಶುರುವಾಗಿ, ಉದ್ದನೆಯ ಎರಡು ಶೆಡ್ಡು, ನಾಲ್ಕು ಸಾವಿರ ಕೋಳಿಗಳವರೆಗೆ ಬೆಳೆದಿತ್ತು. ಅಮ್ಮ ತೀರಿಕೊಂಡಾಗ ಅಪ್ಪನಿಗೆ ಮಂಡಿ ನೋವು ಕೂತಲ್ಲಿಂದ ಏಳಲು ಬಿಡದಷ್ಟು ಆಗಿತ್ತು. ಪಟ್ಟಣದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ಒಂದು ವಾರಕ್ಕೆಂದು ಬಂದವಳು, ಇಲ್ಲೇ ಉಳಿದುಬಿಟ್ಟಳು.

ಗೇಟಿನ ಔಷಧಿ ನೀರು ಅಮ್ಮನ ಕಾಲದ ಕಟ್ಟುನಿಟ್ಟು. 'ರೋಗ ರೆಕ್ಕೆ ಕಟ್ಕೊಂಡೇ ಬರ್ಬೇಕು ಅಂತಿಲ್ಲ ಕಣೆ, ನಮ್ಮ ಕಾಲಲ್ಲೇ ನಡ್ಕೊಂಡು ಬರುತ್ತೆ' ಅನ್ನುತ್ತಿದ್ದಳು ಅಮ್ಮ. ಅದನ್ನು ಮಾತ್ರ ಮಗಳು ಒಂದು ದಿನವೂ ತಪ್ಪಿಸಿರಲಿಲ್ಲ.

ವ್ಯಾನು ವಾರಕ್ಕೆ ಮೂರು ದಿನ ಬರುತ್ತಿತ್ತು. ಅವನು ಬಂದರೆ ಮಾತೂ ಬರುತ್ತಿತ್ತು. ದಾರಿಯಲ್ಲಿ ಅಡ್ಡ ಬಂದ ನಾಯಿ, ಅಕ್ಕನ ಮನೆಯ ಕೆಟ್ಟುಹೋದ ಮಿಕ್ಸಿ, ಯಾವುದೋ ಅಂಗಡಿಯವನು ಮೊಟ್ಟೆಯನ್ನು ಬೆಳಕಿಗೆ ಹಿಡಿದು ವಜ್ರದ ಹಾಗೆ ಪರೀಕ್ಷೆ ಮಾಡಿದ್ದು... ಟ್ರೇ ಮೇಲೆ ಟ್ರೇ ಜೋಡಿಸುತ್ತಲೇ ಎಲ್ಲ ಹೇಳುತ್ತಿದ್ದ. ಮಾತು ಎಷ್ಟೇ ಹರಿದರೂ ಅವನ ಕೈಯಲ್ಲಿ ಒಂದು ಮೊಟ್ಟೆ ಒಡೆದದ್ದಿಲ್ಲ.

ಬಾಗಿಲ ಬಳಿ ಕುರ್ಚಿ ಹಾಕಿ ಕೂತ ಅಪ್ಪ ಅವನಿಗೆ 'ರೇಡಿಯೋ' ಅಂತ ಹೆಸರಿಟ್ಟರು. "ಏನಯ್ಯಾ, ನಿಂದು ಬ್ಯಾಟರಿ ಮುಗಿಯೋದೇ ಇಲ್ವಾ?"

"ನಿಮ್ಮ ಮಗಳು ಒಂದು ಮಾತು ಆಡಿದ್ರೆ ನಾನು ನಿಲ್ಲಿಸ್ತೀನಿ ಅಂಕಲ್. ಇಬ್ಬರೂ ಸುಮ್ನಿದ್ರೆ ಕೋಳಿಗಳಿಗೆ ಬೇಜಾರಾಗಲ್ವಾ?"

ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಒಳಗೆ ಹೋಗಿ ನಕ್ಕಳು.

ಶೆಡ್ಡಿನ ಮೂಲೆಯಲ್ಲಿ, ಬೇರೆಯಾಗಿಟ್ಟ ಒಂದು ಪಂಜರದಲ್ಲಿ ಕಾಲು ಸೊಟ್ಟಗಿದ್ದ ಕೋಳಿಯೊಂದಿತ್ತು. ಉಳಿದವು ಕುಕ್ಕುತ್ತವೆಂದು ಅವಳೇ ಅದನ್ನು ಸಾಕಿಕೊಂಡಿದ್ದಳು. ಮೊಟ್ಟೆಯೂ ಅಪರೂಪಕ್ಕೆ. ಇಷ್ಟು ಮೇವು ದಂಡ ಅಂತ ಬೇರೆ ಯಾರಾದರೂ ಹೇಳುತ್ತಿದ್ದರೇನೋ. ಅವನು ಮಾತ್ರ ಬಂದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ.

"ನಮ್ಮ ಕುಂಟಿ ಹೇಗಿದಾಳೆ?"

'ನಮ್ಮ' ಅನ್ನುವ ಆ ಒಂದು ಮಾತು ಅವಳೊಳಗೆ ಎಲ್ಲೋ ಹೋಗಿ ಕೂತಿತು. ಅವನು ಬಾರದ ದಿನಗಳಲ್ಲಿ ಫಾರಂ ತುಂಬ ಕೋಳಿಗಳ ಗದ್ದಲವಿದ್ದರೂ ಏನೋ ಸದ್ದು ಕಮ್ಮಿ ಅನಿಸತೊಡಗಿತು.

'ಏನಾಗಿದೆ ನನಗೆ? ಇಪ್ಪತ್ತೊಂಬತ್ತು ದಾಟೋ ಹೊತ್ತಿಗೆ ಇದೆಲ್ಲ ಬೇಕಾ...'

ಬೇಕು ಅಂತ ಮನಸ್ಸು ಹೇಳಿತು. ಅವಳು ಕೇಳಿಸದವಳ ಹಾಗೆ ಮೇವಿನ ಮೂಟೆ ಬಿಚ್ಚಿದಳು.

*

ಚಳಿ ಶುರುವಾಗಿತ್ತು. ಆಚೆಯ ಕೆರೆಗೆ ಎಲ್ಲಿಂದಲೋ ಕಾಡು ಬಾತುಗಳು ಹಿಂಡು ಹಿಂಡಾಗಿ ಬಂದಿಳಿದಿದ್ದವು. ಆ ಶನಿವಾರ ಕೊನೆಯ ಟ್ರೇ ಎತ್ತಿಕೊಂಡವನು ಹಾಗೇ ನಿಂತ.

"ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು."

"ಕೇಳಿ."

"ಈಗ ಬೇಡ. ಮೊಟ್ಟೆ ಹೊತ್ಕೊಂಡು ಕೇಳೋ ಮಾತಲ್ಲ ಅದು. ಸೋಮವಾರ ಖಾಲಿ ಕೈಲಿ ಬಂದು ಕೇಳ್ತೀನಿ."

ಅಷ್ಟು ಹೇಳಿ, ಆವತ್ತು ಅವಳ ಮುಖವನ್ನೂ ನೋಡದೆ ಹೊರಟುಹೋದ. ಹೋಗುವಾಗ ಕಿವಿಯೆಲ್ಲ ಕೆಂಪಾಗಿತ್ತು. ಅದನ್ನು ಅವಳು ನೋಡಿದಳು.

ಭಾನುವಾರ ಅನ್ನುವುದು ಇಷ್ಟು ಉದ್ದ ಇರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಏನಮ್ಮಾ, ಕೋಳಿಗಳಿಗೆ ಇವತ್ತು ಎರಡೆರಡು ಸಲ ಊಟನಾ?" ಅಪ್ಪ ಕುರ್ಚಿಯಿಂದಲೇ ಕೇಳಿದರು.

ಅವಳು ಕೈಯಲ್ಲಿದ್ದ ಮೇವಿನ ಬಕೆಟ್ ನೋಡಿದಳು. ಆಗಲೇ ಹಾಕಿ ಬಂದಿದ್ದಳು. ಅಪ್ಪ ಮತ್ತೇನೂ ಕೇಳಲಿಲ್ಲ, ಮೀಸೆಯ ಅಡಿಯಲ್ಲಿ ನಕ್ಕರು.

ಸೋಮವಾರ ಬೆಳಗ್ಗೆ ಅವಳು ತೊಳೆದಿಟ್ಟ ಹಸಿರು ಕುರ್ತಾ ಹಾಕಿಕೊಂಡು ಗೇಟಿನ ಬಳಿ ನಿಂತಳು. ವ್ಯಾನು ಬಂತು... ಆದರೆ ಗೇಟಿನವರೆಗೆ ಬರಲಿಲ್ಲ. ಆಚೆಯ ರಸ್ತೆಯ ಬದಿಯಲ್ಲೇ ನಿಂತಿತು.

ಅವನು ಇಳಿದು ಬಂದ. ಖಾಲಿ ಕೈ. ಆದರೆ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದಷ್ಟು ದೂರದಲ್ಲೇ ನಿಂತ.

"ಇವತ್ತು ಮೊಟ್ಟೆ ಒಯ್ಯಲ್ಲ. ಒಳಗೂ ಬರಲ್ಲ."

"ಯಾಕೆ, ವ್ಯಾನ್ ಕೆಟ್ಟಿದ್ಯಾ?"

"ಹಾಂ... ಹಾಗೇ ಅಂದ್ಕೊಳ್ಳಿ."

ಇಬ್ಬರ ನಡುವೆ ಗೇಟು. ಅವಳು ಕಾದಳು. ಅವನು ಕಣ್ಣು ತಪ್ಪಿಸಿದ. ಕುಂಟಿಯನ್ನು ಕೇಳಲಿಲ್ಲ. ಅಪ್ಪನಿಗೆ ಕೈ ಬೀಸಲಿಲ್ಲ.

ಅವಳೇ ಸಂಕೋಚ ಬಿಟ್ಟು ಹೇಳಿದಳು, "ಏನೋ ಕೇಳ್ಬೇಕು ಅಂದಿದ್ರಿ."

ಅವನ ತುಟಿ ಅಲುಗಿತು. ಏನೋ ನಾಲಿಗೆಯ ತುದಿಗೆ ಬಂದು ನಿಂತದ್ದು ಅವಳಿಗೆ ಕಾಣಿಸಿತು.

"ಇವತ್ತು ಬೇಡ," ಅಂದ. ತಿರುಗಿ ನಡೆದುಬಿಟ್ಟ.

ವ್ಯಾನು ಕಣ್ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಹಸಿರು ಕುರ್ತಾ ಬಿಚ್ಚಿಟ್ಟು, ದಿನಾ ಹಾಕುವ ಹಳೆಯದನ್ನು ಹಾಕಿಕೊಂಡಳು.

'ಮನಸ್ಸು ಬದಲಾಯ್ತು ಅಂತ ಕಾಣುತ್ತೆ. ಅಷ್ಟೇ. ಬಾಯಿ ಬಿಟ್ಟು ಏನೂ ಕೇಳಿರ್ಲಿಲ್ಲವಲ್ಲ... ಕಳ್ಕೊಂಡೆ ಅನ್ನೋಕೆ ನನಗೇನಿತ್ತು?'

*

ಬುಧವಾರ ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತಳು.

ಸದ್ದಿರಲಿಲ್ಲ.

ಬಾಗಿಲ ಸದ್ದಿಗೇ ಗದ್ದಲ ಎಬ್ಬಿಸುವ ಕೋಳಿಗಳು ರೆಕ್ಕೆ ಜೋಲುಬಿಟ್ಟು ಕೂತಿದ್ದವು. ರಾತ್ರಿ ಹಾಕಿದ ಮೇವು ಹಾಗೇ ಇತ್ತು. ಕೈಗೆತ್ತಿಕೊಂಡ ಮೊಟ್ಟೆಯ ಸಿಪ್ಪೆ ಕಾಗದದಷ್ಟು ತೆಳ್ಳಗಿತ್ತು. ಮರುದಿನ ಸಾಲು ಸಾಲಾಗಿ ಸತ್ತು ಬಿದ್ದಿದ್ದವು. ಕೆಂಪಗೆ ನಿಗುರಿ ನಿಲ್ಲುತ್ತಿದ್ದ ಜುಟ್ಟುಗಳು ನೀಲಿಗಟ್ಟಿದ್ದವು.

ಪಶು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರಮ್ಮ ಅಂದುಕೊಂಡದ್ದಕ್ಕಿಂತ ಬೇಗ ಬಂದರು. ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ, ಮಾಸ್ಕು, ಕನ್ನಡಕ. ಸತ್ತ ಕೋಳಿಗಳನ್ನೂ ಬದುಕಿದ್ದವನ್ನೂ ನೋಡಿ, ಗಂಟಲಿನಿಂದ ಮಾದರಿ ತೆಗೆದುಕೊಂಡರು.

"ಏನು ಡಾಕ್ಟ್ರೇ ಇದು?"

"ಲ್ಯಾಬಿಂದ ಬರೋವರೆಗೆ ಏನೂ ಹೇಳಲ್ಲಮ್ಮ. ಆದ್ರೆ ಇಲ್ಲಿಂದ ಒಂದು ಮೊಟ್ಟೆನೂ ಹೊರಗೆ ಹೋಗೋ ಹಾಗಿಲ್ಲ. ನೀವಿಬ್ಬರೂ ಹೋಗೋ ಹಾಗಿಲ್ಲ."

ಅವರ ದನಿಯಲ್ಲೇ ಅವಳಿಗೆ ಉತ್ತರ ಸಿಕ್ಕಿತ್ತು. ಶನಿವಾರ ಹೆಸರೂ ಸಿಕ್ಕಿತು. ಹಕ್ಕಿ ಜ್ವರ.

ಭಾನುವಾರ ಬಿಳಿ ಅಂಗಿ ತೊಟ್ಟ ಜನ ಬಂದರು. ಬದುಕಿದ್ದವನ್ನೂ ಬಿಡುವಂತಿರಲಿಲ್ಲ. ಬಿಟ್ಟರೆ ಅಕ್ಕಪಕ್ಕದ ಫಾರಂಗಳಿಗೆ, ಅಲ್ಲಿಂದ ಮನುಷ್ಯರಿಗೆ... ಡಾಕ್ಟರಮ್ಮ ಮೆತ್ತಗೆ ವಿವರಿಸಿದರು. ಅವಳು ತಲೆಯಾಡಿಸಿದಳು. ಅರ್ಥವಾಗದ್ದೇನಲ್ಲ.

"ನೀನು ಒಳಗೆ ಬರ್ಬೇಡಮ್ಮ. ಅಪ್ಪನ ಹತ್ರ ಕೂತ್ಕೋ."

ಅವಳು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟವರು ಸಂಜೆಯವರೆಗೂ ತೆಗೆಯಲಿಲ್ಲ. ಹಿತ್ತಲಲ್ಲಿ ತೋಡಿದ ಗುಂಡಿಗೆ ಸುಣ್ಣ ಸುರಿಯುವ ಸದ್ದು ಕೇಳುತ್ತಿತ್ತು. ಕುಂಟಿಯನ್ನು ಯಾವಾಗ ಒಯ್ದರೋ ಅವಳಿಗೆ ತಿಳಿಯಲಿಲ್ಲ. ಕೇಳಲಿಲ್ಲ.

ಕೆಲಸ ಮುಗಿಸಿ ಹೊರಗೆ ಬಂದ ಒಬ್ಬ ಹೆಂಗಸು ಟ್ರೇ ತುಂಬ ಮೊಟ್ಟೆ ಹಿಡಿದು ಡಾಕ್ಟರಮ್ಮನನ್ನು ಕೇಳಿದಳು, "ಇವನ್ನೂ ಗುಂಡಿಗೇನಾ ಮೇಡಂ? ಇನ್ನೂ ಬಿಸಿ ಇವೆ."

ಅದುವರೆಗೆ ತಡೆದುಕೊಂಡಿದ್ದ ಅವಳು ಆಗ ಅತ್ತಳು. ಸಾಯುವ ದಿನವೂ ತಮ್ಮ ಕೆಲಸ ಮುಗಿಸಿದ್ದವು.

*

ಹೊರಡುವ ಮೊದಲು ಬಿಳಿ ಅಂಗಿಯವರು ಕೈಕಾಲು ತೊಳೆಯುತ್ತ ಮಾತಾಡಿಕೊಳ್ಳುತ್ತಿದ್ದರು.

"ರಸ್ತೆ ಆ ಕಡೆಯ ದೊಡ್ಡ ಫಾರಮ್ಮಿನಲ್ಲಿ ವಾರದಿಂದ ಸಾಯ್ತಿದ್ವಂತೆ. ಮುಚ್ಚಿಟ್ಟಿದ್ರಂತೆ."

"ಹೂಂ. ಸೋಮವಾರ ಬೆಳಗ್ಗೆ ಸತ್ತ ಕೋಳಿ ಮೂಟೆ ಎತ್ತೋಕೆ ಮೊಟ್ಟೆ ವ್ಯಾನಿನವನನ್ನೂ ಕರೆದಿದ್ರಂತೆ. ಅದೇ, ಬಾಯಿ ಮುಚ್ಚದೆ ಮಾತಾಡ್ತಾನಲ್ಲ, ಅವನು."

ಅವಳು ಕುರ್ಚಿಯ ಪಕ್ಕದಿಂದ ಎದ್ದು ನಿಂತಳು.

ಸೋಮವಾರ ಬೆಳಗ್ಗೆ. ಆ ಮೂಟೆಗಳನ್ನು ಎತ್ತಿದ ಕೈ. ಆಮೇಲೆ ತನ್ನ ಗೇಟು. ಏನೂ ಹೇಳದೆ ತಿರುಗಿ ಹೋದ ಬೆನ್ನು...

ಒಳಗೆ ಹೋಗಿ ಫೋನ್ ಮಾಡಿದಳು. ಎಷ್ಟೋ ಹೊತ್ತಿನ ಮೇಲೆ ಅವನು ಎತ್ತಿದ.

"ಸೋಮವಾರ ನಮ್ಮ ಗೇಟಿಗೆ ಬಂದಾಗ ನಿಮಗೆ ಗೊತ್ತಿತ್ತಾ? ಅಲ್ಲಿ ಕೋಳಿ ಸಾಯ್ತಿದ್ದದ್ದು?"

"ಗೊತ್ತಿತ್ತು. ಆದ್ರೆ..."

"ಅಷ್ಟು ಸಾಕು."

ಕಟ್ ಮಾಡಿದಳು. ಕಟ್ ಆಗುವ ಮೊದಲು ಅವನು ಕೆಮ್ಮಿದ್ದು ಕೇಳಿಸಿತ್ತು. ಆ ಸಿಟ್ಟಿನಲ್ಲಿ ಅದು ಕಿವಿಯನ್ನು ದಾಟಿ ಒಳಗೆ ಇಳಿಯಲಿಲ್ಲ.

ಆಮೇಲೆ ಅವನಿಂದ ಫೋನ್ ಬರಲಿಲ್ಲ. ಬಂದದ್ದು ಆರೋಗ್ಯ ಕೇಂದ್ರದಿಂದ, ಬೆಳಗ್ಗೆ ಒಂದು, ಸಂಜೆ ಒಂದು. ಸತ್ತ ಕೋಳಿಗಳನ್ನು ಮುಟ್ಟಿದವರೆಂದು ಅಪ್ಪನಿಗೂ ಅವಳಿಗೂ ಮಾತ್ರೆ ಕೊಟ್ಟು, ಮನೆ ಬಿಟ್ಟು ಹೊರಗೆ ಬರಬಾರದೆಂದಿದ್ದರು.

"ಜ್ವರ ಇದ್ಯಾ? ಕೆಮ್ಮು? ಉಸಿರಾಟ?"

"ಇಲ್ಲ. ಇಲ್ಲ. ಸರಿ ಇದೆ."

ಎದೆಯ ನೋವಿನ ಬಗ್ಗೆ ಅವರು ಕೇಳುತ್ತಿರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

"ಆ ಹುಡುಗ ಅಂಥವನು ಅಂತ ನನಗನ್ಸಲ್ಲ ಮಗಳೇ," ಅಪ್ಪ ಒಂದು ಸಂಜೆ ಅಂದರು.

"ಅವನ ಸುದ್ದಿ ಬೇಡಪ್ಪ."

ಖಾಲಿ ಶೆಡ್ಡುಗಳ ಕಡೆಯಿಂದ ಗಾಳಿ ಬಂದಾಗ ಸುಣ್ಣದ ವಾಸನೆ ಬರುತ್ತಿತ್ತು.

*

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಗೇಟಿನ ಆಚೆ ಒಬ್ಬ ಹೆಂಗಸು ಬಂದು ನಿಂತಳು. ಮಾಸ್ಕು ಹಾಕಿದ್ದಳು, ಕೈಯಲ್ಲಿ ಹೆಲ್ಮೆಟ್ಟು. ನಡುವಯಸ್ಸು.

"ಹತ್ರ ಬರ್ಬೇಡಮ್ಮ, ಅಲ್ಲೇ ನಿಂತ್ಕೋ. ನನ್ನದೂ ಪರೀಕ್ಷೆ ಆಯ್ತು, ಏನೂ ಇಲ್ಲ ಅಂದಿದಾರೆ. ಆದ್ರೂ ಯಾಕೆ ಸುಮ್ನೆ." ದನಿ ದೊಡ್ಡದು, ನೇರ. "ನಾನು ವ್ಯಾನಿನವನ ಅಕ್ಕ."

ಅವಳ ಮುಖ ಗಟ್ಟಿಯಾಯಿತು. "ಅವರೇ ಕಳಿಸಿದ್ರಾ?"

"ಅವನಿಗೆ ಗೊತ್ತಾದ್ರೆ ಬೈತಾನೆ. ಬೈಯೋಕೆ ದನಿ ಇದ್ರೆ ತಾನೆ." ಅಕ್ಕ ಒಂದು ಗಳಿಗೆ ಬೇರೆ ಕಡೆ ನೋಡಿದಳು. "ಆಸ್ಪತ್ರೇಲಿದಾನೆ. ಹಕ್ಕಿ ಜ್ವರ ಅವನಿಗೂ ಬಂದಿದೆ. ಆ ಮೂಟೆ ಎತ್ತಿದ್ನಲ್ಲ, ಬರೀ ಕೈಲಿ. ಎರಡು ದಿನ ಆಕ್ಸಿಜನ್ ಹಾಕಿದ್ರು. ಈಗ ಪರವಾಗಿಲ್ಲ ಅಂತಾರೆ."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. ಆ ಕೆಮ್ಮು ಈಗ ಕೇಳಿಸಿತು.

"ಆ ದೊಡ್ಡ ಫಾರಮ್ಮಿನವರು ಅವನಿಗೆ ಚಳಿಗೆ ಸತ್ತಿದಾವೆ ಅಂತ ಹೇಳಿದ್ರಂತೆ. ನಂಬಿ ಎತ್ತಿದಾನೆ. ಎತ್ತಿದ ಮೇಲೆ ನೋಡಿದಾನೆ, ಜುಟ್ಟೆಲ್ಲ ನೀಲಿ. ಅಲ್ಲಿಂದ ನಿಮ್ಮ ಗೇಟಿಗೆ ಬಂದ. ನಿಮ್ಮ ಗೇಟಿಂದ ಸೀದಾ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದಾನೆ. ಸಂಜೆ ಹೊತ್ತಿಗೆ ಕೆಲಸ ಹೋಯ್ತು. ವ್ಯಾನಿನ ಮಾಲೀಕರೂ ದೊಡ್ಡ ಫಾರಮ್ಮಿನವರೂ ಒಂದೇ ಮನೆಯವರು."

ಡಾಕ್ಟರಮ್ಮ ಅಷ್ಟು ಬೇಗ ಬಂದದ್ದು ಯಾಕೆಂದು ಅವಳಿಗೆ ಹೊಳೆಯಿತು. ಮನಸ್ಸು ಕರಗಿತು. ಆದರೂ ಒಂದು ಮುಳ್ಳು ಹಾಗೇ ಚುಚ್ಚುತ್ತಿತ್ತು.

"ಡಾಕ್ಟರಿಗೆ ಹೇಳಿದ್ರು. ನನಗೆ ಯಾಕೆ ಹೇಳ್ಲಿಲ್ಲ ಅಕ್ಕ? ಇಲ್ಲೇ ನಿಂತಿದ್ರು, ಇಷ್ಟು ಹತ್ರ."

"ಅದನ್ನ ಅವನನ್ನೇ ಕೇಳಮ್ಮ. ಅವನ ಪರ ಮಾತಾಡೋಕೆ ನಾನು ಬಂದಿಲ್ಲ. ಅವನು ಮಾಡಿದ್ದು ಇಷ್ಟು, ಮಾಡದೆ ಇದ್ದದ್ದು ಇಷ್ಟು. ಎರಡೂ ನಿನಗೆ ಗೊತ್ತಿರ್ಲಿ ಅಂತ ಬಂದೆ."

ಅಕ್ಕ ಸ್ಕೂಟರ್ ಹತ್ತಿ ಹೊರಟಳು. ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, ಕುತ್ತಿಗೆ ತಿರುಗಿಸಿ ಕೂಗಿದಳು, "ಜ್ವರದಲ್ಲಿ ಬಡಬಡಿಸ್ತಾನೆ. ಅದ್ಯಾವುದೋ ಗೇಟು ಗೇಟು ಅಂತ. ನಮ್ಮ ಮನೆಗೆ ಗೇಟೇ ಇಲ್ಲ."

*

ಆ ಸಂಜೆ ಅವಳು ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

"ಒಂದೇ ಒಂದು ಪ್ರಶ್ನೆ ಡಾಕ್ಟ್ರೇ. ನಮ್ಮ ಕೋಳಿಗಳಿಗೆ ಅವರ ವ್ಯಾನಿಂದ ಬಂತಾ?"

"ಶನಿವಾರ ದೊಡ್ಡ ಫಾರಮ್ಮಿಗೆ ಹೋಗಿ ನಿಮ್ಮಲ್ಲಿಗೆ ಬಂದ ಖಾಲಿ ಟ್ರೇಗಳಲ್ಲಿ ಬಂದಿರಬಹುದು. ಕೆರೆಗೆ ಬಂದಿರೋ ಕಾಡು ಬಾತುಗಳಿಂದ ಬಂದಿರಬಹುದು. ಅವುಗಳಲ್ಲಿ ಎಷ್ಟೋ ಸಲ ರೋಗ ಇದ್ರೂ ಕಾಣಿಸಲ್ಲ, ಆರಾಮಾಗಿ ಹಾರಾಡ್ಕೊಂಡಿರ್ತವೆ. ನಿಮ್ಮ ನೀರಿನ ತೊಟ್ಟಿಗೆ ಮುಚ್ಚಳ ಇದೆಯಾ?"

"...ಒಂದು ಕಡೆ ಮುರಿದಿದೆ."

"ಅಲ್ಲಿ ಕೂತ ಒಂದು ಕಾಗೆಯಿಂದಲೂ ಬಂದಿರಬಹುದು. ಖಚಿತವಾಗಿ ಹೇಳೋಕೆ ನನ್ನ ಕೈಲಾಗಲ್ಲಮ್ಮ. ಯಾರಾದ್ರೂ ಖಚಿತ ಅಂದ್ರೆ ನಂಬಬೇಡ."

"ಅವರು ನಿಮಗೆ ಬಂದು ಹೇಳಿದ್ದು ನಿಜನಾ?"

"ಯಾರು ಹೇಳಿದ್ರು ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ಯಾರೋ ಒಬ್ರು ಹೇಳಿದ್ರಿಂದ, ಆಚೆ ಕಡೆಯ ಎಷ್ಟೋ ಫಾರಂ ಉಳ್ಕೊಂಡ್ವು. ಅದು ಮಾತ್ರ ಖಚಿತ."

ಫೋನ್ ಇಟ್ಟ ಮೇಲೆ ಅವಳು ತುಂಬ ಹೊತ್ತು ಕಿಟಕಿಯ ಬಳಿ ನಿಂತಿದ್ದಳು. ಯಾರನ್ನಾದರೂ ಪೂರ್ತಿಯಾಗಿ ಬೈಯಲು ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು. ಯಾರೂ ಸಿಗಲಿಲ್ಲ. ತೊಟ್ಟಿಯ ಮುರಿದ ಮುಚ್ಚಳ ಕಣ್ಣೆದುರಿಗೇ ಇತ್ತು.

*

ಹೊರಗೆ ಹೋಗಬಹುದೆಂದು ಆರೋಗ್ಯ ಕೇಂದ್ರದವರು ಹೇಳಿದ ಮರುದಿನವೇ ಅವಳು ಆಸ್ಪತ್ರೆಗೆ ಹೋದಳು.

ಅವನಿದ್ದದ್ದು ಬೇರೆಯಾದ ಒಂದು ಕೋಣೆಯಲ್ಲಿ. ಬಾಗಿಲ ಪಕ್ಕದ ಗೋಡೆಗೆ ದೊಡ್ಡ ಗಾಜು. ನರ್ಸು ಅವಳಿಗೆ ಮಾಸ್ಕು ಕೊಟ್ಟು, ಗಾಜಿನ ಈಚೆ ಒಂದು ಸ್ಟೂಲು ಹಾಕಿದಳು. "ಒಳಗೆ ಇನ್ನೂ ಬಿಡಲ್ಲ. ಫೋನಲ್ಲಿ ಮಾತಾಡಿ. ಅವರನ್ನ ಜಾಸ್ತಿ ಮಾತಾಡಿಸ್ಬೇಡಿ, ಗಂಟಲು ಪೂರ್ತಿ ಹೋಗಿದೆ."

ಗಾಜಿನ ಆಚೆ ಅವನು ದಿಂಬಿಗೊರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಭುಜದ ಮೂಳೆಗಳು ಅಂಗಿಯೊಳಗೆ ಎದ್ದು ಕಾಣುತ್ತಿದ್ದವು. ಅವಳನ್ನು ನೋಡಿದವನೇ ಗಾಬರಿಯಿಂದ ಎದ್ದು ಕೂರಲು ಹೋಗಿ ಕೆಮ್ಮಿದ.

ಅವಳು ಫೋನ್ ಮಾಡಿದಳು. ಅವನು ಎತ್ತಿದ.

"ಏಳ್ಬೇಡ. ಒರಗಿಕೋ."

ಏಕವಚನ ಬಂದುಬಿಟ್ಟದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಒರಗಿಕೊಂಡ.

"ಕೋಳಿಗಳು..." ಅವನ ದನಿ ಒಣ ಎಲೆಯ ಹಾಗಿತ್ತು.

"ಎಲ್ಲ ಹೋದ್ವು."

"ಕುಂಟಿ?"

"ಎಲ್ಲ."

ಅವನು ಕಣ್ಣು ಮುಚ್ಚಿಕೊಂಡ. ರೆಪ್ಪೆಯ ಸಂದಿಯಿಂದ ನೀರು ಇಳಿದು ಗಡ್ಡದೊಳಗೆ ಸೇರಿತು. ಇಷ್ಟು ದಿನ ಅವಳ ಕೋಳಿಗಳಿಗಾಗಿ ಅತ್ತವರು ಅವಳು, ಅಪ್ಪ. ಇವನು ಮೂರನೆಯವನು. ಅವಳ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು.

"ಆವತ್ತು ಗೇಟಿನ ಹತ್ರ ಯಾಕೆ ಬಾಯಿ ಬಿಡ್ಲಿಲ್ಲ?"

ಒಂದೊಂದೇ ಮಾತು ಬಂತು.

"ಹೇಳೋಕೇ ಬಂದಿದ್ದೆ. ನೀನು... ಹಸಿರು ಬಟ್ಟೆ ಹಾಕ್ಕೊಂಡು ನಿಂತಿದ್ದೆ. ಶನಿವಾರದ ಟ್ರೇ ನೆನಪಾಯ್ತು. ಮೊದಲು ಆ ದೊಡ್ಡ ಫಾರಮ್ಮಿಗೆ ಹೋಗಿ, ಆಮೇಲೆ ಅವನ್ನೇ ನಿಮ್ಮಲ್ಲಿಗೆ ತಂದಿದ್ದೆ. ನಿನ್ನ ಮನೆಗೆ ನಾನೇ ರೋಗ ತಂದಿರಬಹುದು ಅಂತ ಹೇಗೆ ಹೇಳ್ಲಿ... ಡಾಕ್ಟರು ನೋಡಿ ಏನೂ ಇಲ್ಲ ಅಂದುಬಿಡಲಿ ಅಂದ್ಕೊಂಡೆ. ಹೆದರಿದೆ. ಅಷ್ಟೇ."

"ಹೇಳ್ಬೇಕಿತ್ತು."

"ಹೌದು."

"ಹೇಳಿದ್ರೆ ಕೋಳಿಗಳು ಉಳೀತಿರ್ಲಿಲ್ವೇನೋ. ಆದ್ರೆ ನಾನು ಒಬ್ಬಳೇ ಆಗ್ತಿರ್ಲಿಲ್ಲ. ಆ ವಾರವೆಲ್ಲ ನನಗೆ ಏನನ್ಸಿತ್ತು ಗೊತ್ತಾ? ನಿನಗೆ ನಾನು ಬೇಡ ಅಂತ ಆಗಿದೆ ಅಂತ."

ಅವನು ದಿಂಬಿನಿಂದ ತಲೆಯೆತ್ತಿ, ಬಲವಾಗಿ ಅಲ್ಲಾಡಿಸಿದ. ಇಲ್ಲ ಅಂತ. ದನಿ ಬರಲಿಲ್ಲ.

"ಎರಡೂ ಮಾತು ಹೇಳ್ಬೇಕಿತ್ತು ನೀನು," ಅಂದಳು ಅವಳು. "ಎರಡನ್ನೂ ನುಂಗಿಕೊಂಡು ಹೋದೆ."

ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು. ಟ್ರೇ, ಬಾತು, ಕಾಗೆ, ತೊಟ್ಟಿಯ ಮುಚ್ಚಳ. ಯಾವುದೆಂದು ಗೊತ್ತಾಗುವುದಿಲ್ಲವೆಂದೂ ಹೇಳಿದಳು. ಅವನು ಕಣ್ಣು ಮಿಟುಕಿಸದೆ ಕೇಳಿದ. ನರ್ಸು ಬಂದು ಕೈಸನ್ನೆ ಮಾಡಿದಾಗ ಅವಳು ಎದ್ದಳು.

"ನಾಳೆ ಬರ್ತೀನಿ. ನೀನು ಮಾತಾಡೋ ಹಾಗಿಲ್ಲ, ನಾನೇ ಆಡ್ತೀನಿ. ಏನು ಆಡ್ಬೇಕು ಅಂತ ಮಾತ್ರ ಗೊತ್ತಿಲ್ಲ, ರೂಢಿ ಇಲ್ಲ ನೋಡು."

ಮರುದಿನ ಬಂದಳು. ಅದರ ಮರುದಿನವೂ ಬಂದಳು. ಗಾಜಿನ ಈಚೆ ಕೂತು, ಫೋನು ಕಿವಿಗಿಟ್ಟುಕೊಂಡು, ಬಟ್ಟೆ ಅಂಗಡಿಯಲ್ಲಿದ್ದ ದಿನಗಳ ಕಥೆ, ಅಮ್ಮನ ಬೈಗುಳ, ತೊಟ್ಟಿಗೆ ಹೊಸ ಮುಚ್ಚಳ ಹಾಕಿಸಲು ಅಪ್ಪ ಬಡಗಿಯ ಜೊತೆ ಮಾಡಿದ ಜಗಳ, ಎಲ್ಲ ಹೇಳಿದಳು. ತನ್ನೊಳಗೆ ಇಷ್ಟೊಂದು ಮಾತು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಒಂದು ದಿನ ತಾವೂ ಬಂದರು. ಗಾಜಿನ ಮುಂದೆ ಕೋಲೂರಿ ನಿಂತು, ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಬೇಗ ಎದ್ದು ಬಾರಯ್ಯ. ಮನೇಲಿ ತುಂಬ ನಿಶ್ಶಬ್ದ."

*

ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಅವನು ಗುಣವಾಗಿ ಮನೆಗೆ ಬಂದಿದ್ದ. ಏದುಸಿರು ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೂ ಅಕ್ಕನ ಬೈಗುಳ ಲೆಕ್ಕಿಸದೆ ಬಸ್ಸು ಹತ್ತಿ ಫಾರಮ್ಮಿಗೆ ಬರತೊಡಗಿದ.

ಶೆಡ್ಡುಗಳನ್ನು ಉಜ್ಜಿ ತೊಳೆದು ಬಿಸಿಲಿಗೆ ಬಿಟ್ಟಿದ್ದರು. ಇನ್ನು ಗೋಡೆಗೆ ಸುಣ್ಣ. ಅದು ಮುಗಿದ ಮೇಲೆ ಮೊದಲು ಒಂದಷ್ಟೇ ಕೋಳಿಗಳನ್ನು ಬಿಟ್ಟು, ಅವು ಆರೋಗ್ಯವಾಗಿ ಉಳಿದರೆ ಮಾತ್ರ ಉಳಿದವನ್ನು ತರಬಹುದೆಂದು ಡಾಕ್ಟರಮ್ಮ ಹೇಳಿದ್ದರು.

ಆ ಮಧ್ಯಾಹ್ನ ಇಬ್ಬರೂ ಒಂದೇ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಅವನು ಕೆಳಗೆ ಕೂತು, ಅವಳು ಮೇಲೆ ಏಣಿಯಲ್ಲಿ. ಅವನು ಕೈ ನಿಲ್ಲಿಸಿದ.

"ಒಂದು ಮಾತು. ಡಾಕ್ಟರು ಗೊತ್ತಾಗಲ್ಲ ಅಂದ್ರು, ಸರಿ. ಆದ್ರೆ ನಾನೇ ತಂದಿರಬಹುದು ಅನ್ನೋದು ಹಾಗೇ ಇರುತ್ತಲ್ಲ. ಇವತ್ತು ನಿನಗೆ ಪರವಾಗಿಲ್ಲ ಅನ್ಸಬಹುದು. ಹತ್ತು ವರ್ಷ ಆದ್ಮೇಲೆ, ಯಾವತ್ತೋ ಒಂದು ದಿನ ಜಗಳ ಆದಾಗ, ನನ್ನ ಮುಖ ನೋಡಿದ್ರೆ ಅದೇ ನೆನಪಾದ್ರೆ?"

ಅವಳು ಏಣಿಯಿಂದ ಇಳಿದಳು. ಬ್ರಷ್ಷನ್ನು ಬಕೆಟ್ಟಿನೊಳಗೆ ಬಿಟ್ಟು ಅವನ ಎದುರಿಗೆ ನೆಲದ ಮೇಲೆ ಕೂತಳು. ಯೋಚಿಸಿದಳು. ಅವನಿಗೆ ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬೇಕಿರಲಿಲ್ಲ.

"ನೆನಪಾಗಬಹುದು," ಅಂದಳು. "ಆಗಲ್ಲ ಅಂತ ಹೇಗೆ ಹೇಳ್ಲಿ? ಆವತ್ತು ನಿನಗೆ ಹೇಳ್ತೀನಿ, ಇವತ್ತು ನೆನಪಾಯ್ತು ಅಂತ. ನೀನೂ ಹೇಳು. ಮುಚ್ಚಿಟ್ಟುಕೊಂಡು ಇಬ್ಬರೂ ಒಂದೊಂದು ಮೂಲೇಲಿ ಕೂರೋದು ಬೇಡ. ಅನುಮಾನ ಇದ್ರೆ ಇರ್ಲಿ. ಅದನ್ನೂ ಜೊತೇಲೇ ಇಟ್ಕೊಂಡು ಇರೋಣ."

'ಇರೋಣ' ಅನ್ನುವ ಮಾತು ಇಬ್ಬರ ನಡುವೆ ನಿಂತಿತು. ಅವನ ಮುಖದ ಮೇಲೆ ಸುಣ್ಣದ ಹನಿಗಳಿದ್ದವು. ಅವಳು ಕೈ ಚಾಚಿ, ಕೈಯ ಹಿಂಬದಿಯಿಂದ ಕೆನ್ನೆಯ ಮೇಲಿನದನ್ನು ಒರೆಸಿದಳು. ಒರೆಸಿದ್ದರಿಂದ ಇನ್ನಷ್ಟು ಹರಡಿತು. ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ.

"ನನಗೆ ಈಗ ಕೆಲಸ ಇಲ್ಲ. ಏಣಿ ಹತ್ತೋಕೆ ಉಸಿರೂ ಇಲ್ಲ," ಅಂದ ಮೆಲ್ಲಗೆ.

"ಗೊತ್ತು. ನನ್ನ ಹತ್ರ ಒಂದು ಕೋಳಿನೂ ಇಲ್ಲ."

ಇಬ್ಬರೂ ನಕ್ಕರು. ಖಾಲಿ ಶೆಡ್ಡಿನಲ್ಲಿ ಆ ನಗು ದೊಡ್ಡದಾಗಿ ಕೇಳಿಸಿತು.

"ನಾಳೆ ಸ್ವಲ್ಪ ಒಳ್ಳೆ ಅಂಗಿ ಹಾಕ್ಕೊಂಡು ಬಾ," ಅಂದಳು ಅವಳು. "ಅಕ್ಕನನ್ನೂ ಕರ್ಕೊಂಡು ಬಾ."

"ಸುಣ್ಣ ಬಳಿಯೋಕೆ ಒಳ್ಳೆ ಅಂಗಿ ಯಾಕೆ?"

"ಸುಣ್ಣಕ್ಕಲ್ಲ. ಅಪ್ಪನ ಹತ್ರ ಮಾತಾಡೋಕೆ."

ಅವನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. ಆಮೇಲೆ ಕೇಳಿದ, "ನಿನ್ನನ್ನ ನಾನಿನ್ನೂ ಕೇಳೇ ಇಲ್ವಲ್ಲ?"

"ಹಾಗಾದ್ರೆ ಕೇಳು."

"ನನ್ನ ಜೊತೆ ಇರ್ತೀಯಾ?"

"ಇರ್ತೀನಿ," ಅಂದಳು. ಕೈ ಬಿಡಿಸಿಕೊಳ್ಳಲಿಲ್ಲ.